ಜನನ-ಮರಣ ವಿಭಾಗದವರ ಗಾಲ್ಫ್

ನಮ್ಮ ಮನೆಯವರ ಬಾಯಿಗೆ ಬಾರದ ಮಾತು ಒಂದೇ ಒಂದು: "ನನಗೆ ಗೊತ್ತಿಲ್ಲ." ಒಮ್ಮೆಯಾದರೂ ಅಂದಾರೇನೋ ಎಂದು ಮದುವೆಯಾದಾಗಿನಿಂದ ಕಾಯುತ್ತಿದ್ದೇನೆ. ದಾರಿಹೋಕರು ಯಾರಾದರೂ ವಿಳಾಸ ಕೇಳಿದರೆ, ಆ ಬೀದಿಯ ಹೆಸರನ್ನು ಜನ್ಮದಲ್ಲಿ ಕೇಳಿರದಿದ್ದರೂ ಇವರು ಗೇಟಿನ ಹೊರಗೆ ಹೋಗಿ ನಿಂತು, ಕೈ ನೀಡಿ, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಕಳಿಸಿಕೊಡುತ್ತಾರೆ. ಕಣ್ಣಿನ ಆಸ್ಪತ್ರೆ ಎಲ್ಲಿ ಎಂದು ಕೇಳಿದ ಮುದುಕರೊಬ್ಬರು ಇವರ ದಯೆಯಿಂದ ಸಿಮೆಂಟು ಗೋದಾಮು ತಲುಪಿ, ಕಣ್ಣಿಗೆ ಇನ್ನಷ್ಟು ಧೂಳು ತುಂಬಿಕೊಂಡು ವಾಪಸು ಬಂದಿದ್ದರು. ಬೈಯಲು ಬಂದವರು ಇವರ ವಿನಯ ನೋಡಿ ಬೈಯಲಾಗದೆ ಮತ್ತೆ ದಾರಿ ಕೇಳಿದರು. ಇವರು ಮತ್ತೆ ಹೇಳಿದರು.

ಇವರ ಕೆಲಸ ನಗರಸಭೆಯ ಜನನ-ಮರಣ ವಿಭಾಗದಲ್ಲಿ. ಹುಟ್ಟಿದವರನ್ನು ಬರೆದುಕೊಳ್ಳುವುದು, ಸತ್ತವರನ್ನು ಬರೆದುಕೊಳ್ಳುವುದು. ನಡುವೆ ಜನ ಏನು ಮಾಡಿಕೊಂಡರೂ ಇವರ ವಿಭಾಗಕ್ಕೆ ಸಂಬಂಧವಿಲ್ಲ. ಆದರೆ ನಮ್ಮ ಬೀದಿಯವರಿಗೆ ಅಷ್ಟೆಲ್ಲ ವಿವರ ಬೇಡ. ನಗರಸಭೆಯವರು ಅಂದರೆ ನಗರಸಭೆಯವರು, ಮುಗಿಯಿತು. ನಲ್ಲಿಯಲ್ಲಿ ನೀರು ಬಾರದಿದ್ದರೂ ಇವರನ್ನೇ ಕೇಳುತ್ತಾರೆ, ಬೀದಿದೀಪ ಕೆಟ್ಟರೂ ಇವರನ್ನೇ ಕೇಳುತ್ತಾರೆ. ಇವರೂ ಒಂದು ದಿನವಾದರೂ "ಅದು ನನ್ನ ಕೆಲಸ ಅಲ್ಲ" ಅಂದವರಲ್ಲ.

ನಾನು ಹೊಲಿಗೆಯವಳು. ಮನೆಯ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿ ನನ್ನದೊಂದು ಕೋಣೆ ಇದೆ. ನಾನೇ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಕಟ್ಟಿಸಿದ್ದು. ಅಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಒಂದು ನಿಲುವುಗನ್ನಡಿ, ಮುಚ್ಚಿದರೆ ಅತ್ತೆಯ ಟಿವಿ ಸದ್ದು ಒಳಗೆ ಬಾರದ ಗಟ್ಟಿ ಬಾಗಿಲು ಇವೆ. ಈ ಜಗತ್ತಿನಲ್ಲಿ ನನ್ನದು ಅಂತ ಎದೆ ತಟ್ಟಿ ಹೇಳಿಕೊಳ್ಳುವ ಜಾಗ ಅದೊಂದೇ.

ಅದರಲ್ಲೂ ನನಗೊಂದು ಕೊರಗಿತ್ತು. ಕೋಣೆ ಇನ್ನು ಒಂದು ಮೊಳ ಮುಂದೆ ಬರಬೇಕಿತ್ತು. ಗೋಡೆ ಎಬ್ಬಿಸುವ ದಿನ ಇವರ ಹಳೆಯ ಸ್ಕೂಟರು ಸರಿಯಾಗಿ ಅದೇ ಜಾಗದಲ್ಲಿ ಕೆಟ್ಟು ನಿಂತಿತ್ತು. "ತೆಗೀರಿ ಸಾರ್" ಅಂತ ಮೇಸ್ತ್ರಿ ಗೋಗರೆದ. ಚಕ್ರ ಕಚ್ಚಿಕೊಂಡಿತ್ತು, ಅಲುಗಲಿಲ್ಲ. "ಸ್ಕೂಟರಿನ ಹಿಂದೆಯೇ ಕಟ್ಟಪ್ಪ, ಒಂದು ಮೊಳದಲ್ಲಿ ಏನಿದೆ" ಅಂದುಬಿಟ್ಟರು ನಮ್ಮ ಮನೆಯವರು. ಏನಿದೆ ಅಂದರೆ, ಇವತ್ತಿಗೂ ನಾನು ಮೇಜಿಗೂ ಗೋಡೆಗೂ ನಡುವೆ ಅಡ್ಡಡ್ಡ ನಡೆಯುತ್ತೇನೆ. ಆ ಸ್ಕೂಟರು ಆ ಗೋಡೆಗೆ ಒರಗಿಕೊಂಡು ಹಾಗೇ ನಿಂತಿತ್ತು, ನಾನು ಅದನ್ನೂ ಅದರ ಯಜಮಾನರನ್ನೂ ಜೊತೆಜೊತೆಯಾಗಿ ಬೈಯುತ್ತ ಬಂದಿದ್ದೆ.

ಈಗ ಗಾಲ್ಫಿಗೆ ಬರುತ್ತೇನೆ. ಇದು ಇವರೇ ಹೇಳಿದ್ದು, ಆದ್ದರಿಂದ ಅರ್ಧ ಕಳೆದು ಬರೆದಿದ್ದೇನೆ.

ಸಹಿ ಮಾಡಿಸಲು ಇವರು ಹೊಸ ಕಮಿಷನರ್ ಸಾಹೇಬರ ಕೋಣೆಗೆ ಹೋದಾಗ ಅವರ ಮೇಜಿನ ಮೇಲೆ ಎರಡು ಡಬ್ಬಿ ಇದ್ದವಂತೆ. ಸಾಹೇಬರು ಎರಡನ್ನೂ ನೋಡುತ್ತ, ಪರೀಕ್ಷೆಗೆ ಓದದೆ ಬಂದವರ ಹಾಗೆ ತಲೆ ಹಿಡಿದುಕೊಂಡು ಕೂತಿದ್ದರಂತೆ.

"ರೀ, ನಿಮಗೆ ಗಾಲ್ಫ್ ಗೊತ್ತೇನ್ರಿ?"

"ಗೊತ್ತು ಸಾರ್."

"ಆಡ್ತೀರಾ?"

"ಈಗ ಸ್ವಲ್ಪ ಕಡಿಮೆ ಮಾಡಿದ್ದೀನಿ ಸಾರ್."

ಇದರಲ್ಲಿ ಸುಳ್ಳೇನೂ ಇಲ್ಲ ಎಂದು ಇವರ ವಾದ. ಹುಟ್ಟಿದ ದಿನದಿಂದ ಕಡಿಮೆ ಮಾಡಿದ್ದಾರೆ.

ಸಾಹೇಬರ ಮುಖ ಅರಳಿತು. "ಅಬ್ಬ! ಬನ್ನಿ, ಕೂತ್ಕೊಳ್ಳಿ. ಚೆಂಡಿಗೂ ಗುಳೀಲಿ ನೆಟ್ಟಿರೋ ಬಾವುಟಕ್ಕೂ ಎಷ್ಟು ದೂರ ಅಂತ ಹೇಳೋ ಸಾಮಾನು ಇವು. ಇದು ಜಿಪಿಎಸ್, ಇದು ಲೇಸರ್. ಒಂದನ್ನ ಇಟ್ಕೊಂಡು ಒಂದನ್ನ ವಾಪಸ್ ಮಾಡಿ ಅಂದಿದ್ದಾನೆ ಅಂಗಡಿಯವನು. ನನ್ನ ಜೊತೆ ಆಡೋ ಡಾಕ್ಟ್ರು ಲೇಸರ್ ಅಂತಾರೆ, ವಕೀಲ್ರು ಜಿಪಿಎಸ್ ಅಂತಾರೆ. ಒಬ್ರ ಮಾತು ಕೇಳಿದ್ರೆ ಇನ್ನೊಬ್ರು ಮುಖ ಊದಿಸ್ಕೋತಾರೆ. ಯಾವ ಪಕ್ಷಕ್ಕೂ ಸೇರದ ತಿಳಿದವರೊಬ್ರು ಬೇಕಾಗಿತ್ತು. ಎರಡನ್ನೂ ಮನೆಗೆ ತಗೊಂಡ್ಹೋಗಿ, ಭಾನುವಾರ ಹೇಳಿ."

ಜನನ-ಮರಣ ವಿಭಾಗದ ನೌಕರರು ಕಂಕುಳಲ್ಲಿ ಎರಡು ಡಬ್ಬಿ ಇಟ್ಟುಕೊಂಡು, ರಾಜ್ಯ ಗೆದ್ದವರ ಹಾಗೆ ಮನೆಗೆ ಬಂದರು.

ಊಟದ ಮೇಜಿನ ಮೇಲೆ ಉದ್ಘಾಟನೆ ನಡೆಯಿತು. ಅತ್ತೆ ಟಿವಿ ಆರಿಸಿ ಬಂದು ಕೂತರು. ಅವರು ಟಿವಿ ಆರಿಸುವುದು ಕರೆಂಟು ಹೋದಾಗ ಮಾತ್ರ, ಅದೂ ಅವರ ಇಷ್ಟದಿಂದಲ್ಲ. ಜಿಪಿಎಸ್ ಎಂಬುದು ಅಂಗೈ ಅಗಲದ ಪೆಟ್ಟಿಗೆ. ಇವರು ಗುಂಡಿ ಒತ್ತಿದರು. ಅದು ಬಹಳ ಹೊತ್ತು ಯೋಚನೆ ಮಾಡಿ, ಹತ್ತಿರದಲ್ಲೆಲ್ಲೂ ಗಾಲ್ಫ್ ಮೈದಾನವೇ ಇಲ್ಲ ಎಂದು ಬರೆದು ತೋರಿಸಿತು.

"ಅಷ್ಟು ನನಗೂ ಗೊತ್ತಿತ್ತಲ್ಲೋ" ಅಂದರು ಅತ್ತೆ.

"ಅಮ್ಮಾ, ಇದು ಉಪಗ್ರಹ ನೋಡಿ ಹೇಳೋದು. ಮೈದಾನಕ್ಕೆ ಹೋದ್ರೆ ಗುಳಿ ಎಷ್ಟು ದೂರ, ಮುಂದೆ ಹಳ್ಳ ಇದ್ಯಾ, ಮರಳಿದ್ಯಾ, ಎಲ್ಲಾ ತೋರಿಸುತ್ತೆ. ಆದ್ರೆ ದಿನಾ ಚಾರ್ಜ್ ಮಾಡ್ಬೇಕು. ಮೈದಾನಗಳ ನಕ್ಷೆ ಮೊದಲ ವರ್ಷ ಪುಕ್ಕಟೆ, ಆಮೇಲೆ ವರ್ಷ ವರ್ಷ ಚಂದಾ ಕಟ್ಬೇಕು."

"ಕಟ್ಟದೆ ಹೋದ್ರೆ? ದೂರ ಜಾಸ್ತಿ ಆಗುತ್ತಾ?"

ಈ ಪ್ರಶ್ನೆಗೂ ಇವರು ಗೊತ್ತಿಲ್ಲ ಅನ್ನಲಿಲ್ಲ. "ಸ್ವಲ್ಪ ಆಗಬಹುದು" ಅಂದರು.

ಲೇಸರ್ ಎಂಬುದು ಒಂಟಿ ಕಣ್ಣಿನ ದುರ್ಬೀನು. ಕಣ್ಣಿಗಿಟ್ಟು, ಗುರಿ ಹಿಡಿದು ಗುಂಡಿ ಒತ್ತಿದರೆ ಒಳಗೆ ಗಜದ ಲೆಕ್ಕದಲ್ಲಿ ಒಂದು ಸಂಖ್ಯೆ ಮೂಡುತ್ತದೆ. ಇದಕ್ಕೆ ಚಂದಾ ಇಲ್ಲ, ನಕ್ಷೆ ಇಲ್ಲ. ಯಾವಾಗಲೋ ಒಮ್ಮೆ ಒಂದು ಪುಟ್ಟ ಬ್ಯಾಟರಿ ಹಾಕಿದರೆ ಸಾಕು. ಆದರೆ ಕೈ ಅಲುಗಿದರೆ ಬಾವುಟದ ಬದಲು ಅದರ ಹಿಂದಿರುವ ಮರದ ದೂರ ತೋರಿಸುತ್ತದಂತೆ. ಇವರು ಅತ್ತೆಯ ಮುಖಕ್ಕೇ ಗುರಿ ಹಿಡಿದು ಒತ್ತಿದರು. ಅತ್ತೆ ಅದನ್ನು ಕಿತ್ತುಕೊಂಡು ಇವರ ಮುಖಕ್ಕೆ ಹಿಡಿದರು.

"ನನಗೇನೂ ಕಾಣಿಸ್ತಿಲ್ಲ. ಒಟ್ಟಿನಲ್ಲಿ ಒಂದು ವರ್ಷ ವರ್ಷ ದುಡ್ಡು ತಿನ್ನುತ್ತೆ, ಇನ್ನೊಂದು ಕಣ್ಣು ತಿನ್ನುತ್ತೆ. ಇದರ ಡಬ್ಬಿ ಮಾತ್ರ ಗಟ್ಟಿಯಾಗಿದೆ, ನನ್ನ ಮಾತ್ರೆಗೆ ಆಗುತ್ತೆ" ಎಂದು ಲೇಸರಿನ ಡಬ್ಬಿಯ ಮುಚ್ಚಳದ ಅಂಟುಕಾಗದ ಹರಿದು, ಒಳಗಿದ್ದ ಸ್ಪಂಜನ್ನು ಕಸದಬುಟ್ಟಿಗೆ ಹಾಕಿ, ಬಿ.ಪಿ. ಮಾತ್ರೆಗಳನ್ನು ತುಂಬಿಟ್ಟುಕೊಂಡರು. ಅತ್ತೆಯ ಕೈಗೆ ಸಿಕ್ಕ ಡಬ್ಬಿ ವಾಪಸು ಬಂದ ಉದಾಹರಣೆ ನಮ್ಮ ಮನೆಯಲ್ಲಿಲ್ಲ.

ಮಾರನೆಯ ಬೆಳಿಗ್ಗೆ ಇವರು ಬೀದಿಗಿಳಿದರು. ಮೈದಾನ ಇಲ್ಲದ ಮೇಲೆ ಬೀದಿಯೇ ಮೈದಾನ. ಗಾಲ್ಫಿಗೆ ಬಾವುಟ ಬೇಕಲ್ಲ, ಅದಕ್ಕೆ ನೆಲ ಒರೆಸುವ ಕೋಲಿಗೆ ನನ್ನ ಕೋಣೆಯಿಂದ ಒಂದು ಕೆಂಪು ಲೈನಿಂಗ್ ಬಟ್ಟೆಯ ತುಂಡು ಕಟ್ಟಿ, ಎದುರು ಸಾಲಿನ ಬೇಕರಿಯ ಮುಂದೆ ರಸ್ತೆಯ ಅಂಚಿಗೆ ನೆಟ್ಟರು. ಆಮೇಲೆ ಈಚೆ ಬಂದು, ಒಂದು ಕಣ್ಣು ಮುಚ್ಚಿ, ಕಾಲು ಅಗಲಿಸಿ ನಿಂತು ನೋಡಿದರು. ಬೇಕರಿಯ ಫಲಕ ನೋಡಿದರು. ನಮ್ಮ ಪಕ್ಕದ ಹಲ್ಲಿನ ಡಾಕ್ಟರಮ್ಮನ ಮೆಟ್ಟಿಲು ನೋಡಿದರು. ಎದುರುಮನೆ ನಿವೃತ್ತ ಮೇಷ್ಟ್ರ ಹೂವಿನ ಪಾತಿಯ ಕಟ್ಟೆ ನೋಡಿದರು. ನೋಡಿದಾಗಲೆಲ್ಲ ತುಟಿ ಅಲುಗಿಸಿ ಒಂದು ಸಂಖ್ಯೆ ಹೇಳಿಕೊಂಡರು.

ನೀವೇ ಹೇಳಿ. ನಗರಸಭೆಯವರೊಬ್ಬರು ಬೆಳಿಗ್ಗೆ ಎದ್ದು ರಸ್ತೆಯಂಚಿಗೆ ಕೆಂಪು ಬಾವುಟ ನೆಟ್ಟು, ಯಂತ್ರ ಹಿಡಿದು ಒಬ್ಬೊಬ್ಬರ ಮನೆಯನ್ನೇ ಅಳೆಯುತ್ತಿದ್ದರೆ ಜನ ಏನಂದುಕೊಳ್ಳಬೇಕು? ಗಾಲ್ಫ್ ಅಂದುಕೊಳ್ಳಬೇಕೇ?

ಮೊದಲು ಓಡಿ ಬಂದವನು ಬೇಕರಿಯವನು. ಅವನ ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣವಿತ್ತು. ತನ್ನ ಗಾಜಿನ ಕಪಾಟು, ಅದರ ಮೇಲಿನ ತಗಡಿನ ಚಪ್ಪರ, ಎರಡನ್ನೂ ವರ್ಷಕ್ಕಿಷ್ಟು ಎಂದು ರಸ್ತೆಯ ಕಡೆಗೆ ಸರಿಸುತ್ತ ಬಂದಿದ್ದವನು ಅವನು. ನಾನು ಕಿಟಕಿಯ ಹಿಂದೆ ಗುಂಡಿ ಹೊಲಿಯುತ್ತಿದ್ದೆ. ಎಲ್ಲ ಕೇಳಿಸಿತು, ಆದರೆ ಆಗ ನನಗೂ ತಲೆಗೆ ಹೋಗಲಿಲ್ಲ.

"ಸಾರ್, ನಮ್ಮದು ಎಷ್ಟು ಬರುತ್ತೆ ಸಾರ್?"

"ನಿಮ್ಮದು ಹನ್ನೆರಡು" ಅಂದರು ಇವರು, ಬಹಳ ಖುಷಿಯಿಂದ.

"ಹನ್ನೆರಡಾ! ಅಯ್ಯೋ, ಹನ್ನೆರಡಡಿ ಹೋದ್ರೆ ನನ್ನ ಒಲೆಯೇ ಹೋಯ್ತಲ್ಲ ಸಾರ್! ಸ್ವಲ್ಪ ಕಡಿಮೆ ಮಾಡೋಕೆ ಆಗಲ್ವಾ?"

"ನನ್ನ ಕೈಲಿ ಏನಿದೆಯಪ್ಪ, ಮಿಷನ್ ಹೇಳೋದು. ಎರಡು ಥರ ನೋಡ್ತಾ ಇದ್ದೀವಿ. ಎರಡರಲ್ಲಿ ಒಂದನ್ನ ಉಳಿಸ್ಕೊಳ್ಳೋದು, ಇನ್ನೊಂದನ್ನ ತೆಗೆಯೋದು. ಭಾನುವಾರ ಕಮಿಷನರ್ ಸಾಹೇಬ್ರಿಗೆ ಹೇಳ್ಬೇಕು."

ಬೇಕರಿಯವನು ಬೀದಿಯ ಎಡಸಾಲು ನೋಡಿದ, ಬಲಸಾಲು ನೋಡಿದ. ಎರಡರಲ್ಲಿ ಒಂದು ಉಳಿಯುತ್ತದೆ, ಒಂದು ಹೋಗುತ್ತದೆ! ಬನ್ನಿನ ಪೊಟ್ಟಣ ಇವರ ಕೈಗೆ ತುರುಕಿ, ಉಸಿರು ಬಿಡದೆ ಮೇಷ್ಟ್ರ ಮನೆಗೆ ಓಡಿದ. ಬಲಸಾಲಿನ ಬನ್ನು ತಿನ್ನುತ್ತ ಇವರು ಒಳಗೆ ಬಂದು, "ಬಹಳ ಆಸಕ್ತಿ ಕಣೇ ಹುಡುಗನಿಗೆ" ಅಂದರು.

ಆಮೇಲೆ ಡಾಕ್ಟರಮ್ಮ. ಅವರದು ನಮ್ಮದೇ ಎಡಸಾಲು. ಓದಿದ ಹೆಂಗಸು, ನೇರ ಮಾತಿಗೇ ಬಂದರು.

"ಸಾರ್, ಖರ್ಚಿನ ವಿಷಯ ಹೇಗೆ?"

ಇವರಿಗೆ ಬೇಕಾದದ್ದೂ ಅದೇ. ರಾತ್ರಿಯೆಲ್ಲ ಕೈಪಿಡಿ ಓದಿದ್ದರು. "ಒಂದರಲ್ಲಿ ಏನಾಗುತ್ತೆ ಅಂದ್ರೆ ಡಾಕ್ಟ್ರೇ, ಈಗ ಹಗುರ ಅನ್ಸುತ್ತೆ, ಆದ್ರೆ ವರ್ಷ ವರ್ಷ ಕಟ್ತಾನೇ ಇರ್ಬೇಕು. ಇನ್ನೊಂದರಲ್ಲಿ ಒಂದೇ ಸಲ ನೋವು, ಆಮೇಲೆ ತಲೆನೋವಿಲ್ಲ."

"ವರ್ಷ ವರ್ಷ ಕಟ್ಟೋದು ನಿಲ್ಲಿಸಿದ್ರೆ?"

"ನಕ್ಷೆಯಿಂದ ತೆಗೆದುಹಾಕ್ತಾರೆ."

ಡಾಕ್ಟರಮ್ಮ ತಮ್ಮ ರೋಗಿಗಳಿಗೆ ಏನು ಹೇಳುತ್ತಾರೋ ಅದನ್ನೇ ಅವರಿಗೆ ಯಾರೋ ಹೇಳಿದಂತಾಯಿತು. ಒಂದೇ ಸಲ ಕಿತ್ತುಬಿಡುವುದೇ ವಾಸಿ ಎಂದು ಸಂಜೆಗೇ ಕೆಲಸದವರನ್ನು ಕರೆಸಿ ಆಸ್ಪತ್ರೆಯ ಮುಂದಿನ ಮೆಟ್ಟಿಲುಗಳನ್ನು ಒಂದೂ ಬಿಡದೆ ಒಡೆಸಿದರು. ಮರುದಿನದಿಂದ ಅವರ ರೋಗಿಗಳು ಒಂದು ಸ್ಟೂಲಿನ ಮೇಲೆ ಹತ್ತಿ, ಅಲ್ಲಿಂದ ಬಾಗಿಲಿಗೆ ಜಿಗಿಯಬೇಕಾಯಿತು. ಹಲ್ಲುನೋವಿನವರು ಕಾಲುನೋವು ಕೂಡ ತೋರಿಸಿಕೊಂಡು ಹೋದರು.

ಕೊನೆಗೆ ಮೇಷ್ಟ್ರು. ಅವರು ಮಾತಾಡುವುದೇ ಇಡೀ ತರಗತಿಗೆ ಕೇಳಿಸುವಂತೆ.

"ಏನಯ್ಯಾ, ಇದಕ್ಕೆಲ್ಲ ಆಧಾರ ಏನು? ಯಾರು ನೋಡಿ ತೀರ್ಮಾನ ಮಾಡಿದ್ದು?"

"ಉಪಗ್ರಹ ಮೇಷ್ಟ್ರೇ. ಮೇಲಿಂದ ಎಲ್ಲಾ ಕಾಣುತ್ತೆ. ಹಳ್ಳ, ಮರಳು, ಗುಳಿ, ಒಂದೂ ತಪ್ಪಲ್ಲ."

ಮೇಷ್ಟ್ರು ಕತ್ತೆತ್ತಿ ಆಕಾಶ ನೋಡಿದರು. ಹೂವಿನ ಪಾತಿ ಕಟ್ಟಲು ರಾಶಿ ಹಾಕಿಸಿದ್ದ ಮರಳು ಇನ್ನೂ ಅವರ ಗೇಟಿನ ಹೊರಗೇ ಇತ್ತು. ಮಧ್ಯಾಹ್ನಕ್ಕೆ ಮರಳೂ ಇಲ್ಲ, ಪಾತಿಯೂ ಇಲ್ಲ, ಕಟ್ಟೆಯೂ ಇಲ್ಲ. ಗುಲಾಬಿ ಗಿಡಗಳನ್ನು ಬಕೆಟ್ಟಿನಲ್ಲಿಟ್ಟು ಒಳಗೆ ಸಾಗಿಸಿದರು.

ವಾರವಿಡೀ ಸುತ್ತಿಗೆಯ ಸದ್ದು. ಮನೆ ರಿಪೇರಿಯ ಕಾಲವೇನೋ ಎಂದು ನಾನು ಹೊಲಿಯುತ್ತ ಕೂತಿದ್ದೆ. ಬಲಸಾಲಿನವರು ನನ್ನ ಹತ್ತಿರ ಕೊಟ್ಟಿದ್ದ ಬಟ್ಟೆ ವಾಪಸು ಕೇಳತೊಡಗಿದಾಗ ಅನುಮಾನ ಬಂತು. ಬೇಕರಿಯವನ ಹೆಂಡತಿ ಅರ್ಧ ಹೊಲಿದ ಕುಪ್ಪಸವನ್ನು ಕೈಯಿಂದ ಎಳೆದುಕೊಂಡಳು.

"ಯಾಕಮ್ಮಾ, ತೋಳು ಇನ್ನೂ ಹಾಕಿಲ್ಲ!"

"ಬೇಡ ಬಿಡಿ ಅಕ್ಕಾ. ನಿಮ್ಮ ಯಜಮಾನ್ರು ನಿಮ್ಮ ಸಾಲನ್ನೇ ಉಳಿಸ್ಕೋತಾರೆ. ನಮ್ಮ ಚಪ್ಪರ ಹೋಯ್ತು, ಕಪಾಟು ಹೋಯ್ತು. ತೋಳಿಲ್ಲದೇನೇ ಹಾಕ್ಕೋತೀನಿ!"

ಆಗ ಒಂದೊಂದೇ ಎಳೆ ಬಿಚ್ಚಿ ಕೇಳಿದೆ. ರಸ್ತೆ ಅಗಲ ಮಾಡುತ್ತಾರಂತೆ! ಒಂದು ಸಾಲು ಪೂರ್ತಿ ಹೋಗುತ್ತದಂತೆ! ನನಗೆ ಮೊದಲು ನಗು ಬಂತು. ಬೀದಿಗೆ ಬಂದು ಎಲ್ಲರಿಗೂ ಕೂಗಿ ಹೇಳಿದೆ. "ಅಯ್ಯೋ ರಾಮ, ಅದು ಗಾಲ್ಫ್! ಸಾಹೇಬರ ಆಟದ ಸಾಮಾನು! ಇವರು ದೂರ ನೋಡ್ತಾ ಇದ್ರು ಅಷ್ಟೆ!"

ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮಾ, ಸುಳ್ಳು ಹೇಳೋದಾದ್ರೆ ನಂಬೋ ಅಂಥದ್ದು ಹೇಳಬೇಕು. ಜನನ-ಮರಣ ವಿಭಾಗದಲ್ಲಿ ಗಾಲ್ಫ್ ಆಡೋರು ಇರ್ತಾರಾ?"

ಆ ಪ್ರಶ್ನೆಯನ್ನೇ ನಾನೂ ಇವರಿಗೆ ಕೇಳಿದ್ದೆ.

ಸಾಲದ್ದಕ್ಕೆ ಮೇಷ್ಟ್ರು ಸುಮ್ಮನೆ ಕೂರುವ ಪೈಕಿಯಲ್ಲ. ಶನಿವಾರ ಇವರು ಆಫೀಸಿನಿಂದ ಬಂದಾಗ ಮುಖದಲ್ಲಿ ರಕ್ತವೇ ಇರಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು ನನ್ನ ಕೋಣೆಯ ಕುರ್ಚಿಯಲ್ಲಿ ಕುಸಿದರು.

"ಸಾಹೇಬ್ರು ನಾಳೆ ಮೈದಾನಕ್ಕೆ ಹೋಗೋ ಮೊದಲು ಇಲ್ಲಿಗೇ ಬರ್ತಾರಂತೆ ಕಣೇ. ಸರ್ವೇಯರನ್ನೂ ಕರ್ಕೊಂಡು."

"ಯಾಕೆ? ಸರ್ವೇಯರಿಗೂ ಗಾಲ್ಫಾ?"

"ಮೇಷ್ಟ್ರು ಹೋಗಿ ದೂರು ಕೊಟ್ಟಿದ್ದಾರೆ. ಬೀದೀಲೆಲ್ಲಾ ಒಡೆಸ್ತಾ ಇದ್ದೀರಲ್ಲ, ಮೊದಲು ನಿಮ್ಮ ನೌಕರನ ಹೆಂಡತಿ ಹೊಲಿಗೆ ಕೋಣೆ ಒಡೆದು ತೋರಿಸಿ, ಅದು ರಸ್ತೆ ಮೇಲೇ ಇದೆ ಅಂತ."

ಕತ್ತರಿ ಕೆಳಗಿಟ್ಟೆ. ಕಿಟಕಿಯಿಂದ ಬೀದಿ ನೋಡಿದೆ. ಚಪ್ಪರ, ಮೆಟ್ಟಿಲು, ಪಾತಿ, ಎಲ್ಲ ಹಿಂದಕ್ಕೆ ಸರಿದಿದ್ದವು. ಇಡೀ ಬೀದಿಯಲ್ಲಿ ಮುಂದಕ್ಕೆ ಚಾಚಿಕೊಂಡು ನಿಂತದ್ದು ಒಂದೇ ಒಂದು, ನನ್ನ ಕೋಣೆ. ಇದು ಬರೀ ಗಾಲ್ಫ್ ಎಂದು ಗೊತ್ತಿದ್ದವಳು ನಾನೊಬ್ಬಳೇ, ಆದ್ದರಿಂದ ಏನನ್ನೂ ಒಡೆಯದೆ ಹಾಯಾಗಿ ಕೂತವಳೂ ನಾನೊಬ್ಬಳೇ.

"ರೀ, ಈ ಕೋಣೆ ಕಟ್ಟೋವಾಗ ಪರವಾನಗಿ ತಗೊಂಡಿದ್ರಿ ತಾನೇ? 'ನಾನೇ ಆಫೀಸಲ್ಲಿದ್ದೀನಿ, ಎಲ್ಲಾ ನೋಡ್ಕೋತೀನಿ' ಅಂದಿದ್ರಿ."

ಇವರು ಕತ್ತಿನ ಹಿಂಭಾಗ ಕೆರೆದುಕೊಂಡರು. "ತಗೋಬೇಕು ಅಂತ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ರಾ!"

"ಆಮೇಲೆ ಸ್ಕೂಟರ್ ಗಲಾಟೇಲಿ ಮರೆತುಹೋಯ್ತು."

ಆ ಹೊತ್ತು ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಾಗಿಲು ಗಟ್ಟಿ ಎಂದೆನಲ್ಲ, ಅದರಾಚೆ ಅತ್ತೆ ಟಿವಿ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರಂತೆ. ಬೈದು ಬೈದು ಸುಸ್ತಾಗಿ, ಕೊನೆಗೆ ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ನಿಂತು ನನ್ನ ಅಳತೆಪಟ್ಟಿಯನ್ನು ಸುತ್ತುವುದು, ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದರು.

ಭಾನುವಾರ ಸಾಹೇಬರ ಜೀಪು ಬಂತು. ತಲೆಗೆ ಬಿಳಿ ಟೊಪ್ಪಿ, ಕಾಲಿಗೆ ಮುಳ್ಳಿನ ಬೂಟು. ಟೇಪು ಹಿಡಿದ ಸರ್ವೇಯರು ಹಿಂದೆ ಇಳಿದ. ಬೀದಿಯವರೆಲ್ಲ ಬಲಸಾಲು ಬಲಕ್ಕೆ, ಎಡಸಾಲು ಎಡಕ್ಕೆ ಎಂದು ಆಗಲೇ ನಿಂತಿದ್ದರು. ಸಾಹೇಬರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿ ಬಾಯಿ ತೆರೆದರು.

"ಏನ್ರೀ ಇದು! ಎಲ್ರೂ ತಾವಾಗೇ ತೆರವು ಮಾಡ್ಕೊಂಡಿದ್ದಾರಾ?"

"ಎಲ್ರೂ ಅಲ್ಲ ಸಾರ್" ಎಂದರು ಮೇಷ್ಟ್ರು. ಅವರ ಬೆರಳು ನನ್ನ ಕೋಣೆಯ ಕಡೆಗೆ ನೇರವಾಗಿ ಚಾಚಿತ್ತು. "ಅಲ್ಲಿ ನೋಡಿ."

ಎಲ್ಲರೂ ನೋಡಿದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಒಳಗೆ ಎಡಸಾಲಿನ ಹೆಂಗಸರ ಬಟ್ಟೆಗಳು ತೂಗಾಡುತ್ತಿದ್ದವು.

ಆಗ ನಮ್ಮ ಮನೆಯವರು ಮುಂದೆ ಬಂದರು. ಲೇಸರು ಬಲಗೈಯಲ್ಲಿ, ಜಿಪಿಎಸ್ಸು ಎಡಗೈಯಲ್ಲಿ. ಗಂಟಲು ಸರಿಮಾಡಿಕೊಂಡರು. ಈಗ ಇನ್ನೇನು ಹೊಸ ಸುಳ್ಳು ಹುಟ್ಟುತ್ತದೋ ಎಂದು ನಾನು ಕಣ್ಣು ಮುಚ್ಚಿದೆ.

"ಸಾರ್, ನನಗೆ ಗೊತ್ತಿಲ್ಲ."

ಕಣ್ಣು ಬಿಟ್ಟೆ. ಅತ್ತೆ ಗೋಡೆ ಹಿಡಿದುಕೊಂಡರು.

"ಗಾಲ್ಫ್ ನನಗೆ ಗೊತ್ತಿಲ್ಲ ಸಾರ್. ಕೋಲು ಮುಟ್ಟಿಲ್ಲ, ಚೆಂಡು ನೋಡಿಲ್ಲ. ಇವೆರಡರಲ್ಲಿ ಯಾವುದು ವಾಸಿ ಅಂತಾನೂ ಗೊತ್ತಿಲ್ಲ. ಈ ಬೀದಿ ಜನ ಯಾಕೆ ಒಡೆದ್ರು ಅಂತ ಮೊನ್ನೆವರೆಗೂ ಗೊತ್ತಿರಲಿಲ್ಲ. ನನ್ನನ್ನ ಏನ್ ಬೇಕಾದ್ರೂ ಮಾಡಿ. ಆದ್ರೆ ಆ ಕೋಣೆ ನನ್ನದಲ್ಲ ಸಾರ್, ಇವಳು ದುಡಿದು ಕಟ್ಟಿದ್ದು. ತಪ್ಪು ನನ್ನದು. ಅದನ್ನ ಒಡೀಬೇಡಿ."

ಇಷ್ಟು ವರ್ಷ ಕಾಯಿಸಿದ ಮಾತನ್ನು ಒಂದೇ ಉಸಿರಿನಲ್ಲಿ ಅಷ್ಟು ಸಲ ಅಂದರಲ್ಲ, ನನಗೆ ಕೋಣೆಯ ಚಿಂತೆಯ ನಡುವೆಯೂ ಕಣ್ಣು ತುಂಬಿಬಂತು. ಬೇಕರಿಯವನಿಗೆ ತುಂಬಿ ಬಂದದ್ದು ಬೇರೆ.

"ಅಂದ್ರೆ ರಸ್ತೆ ಅಗಲ ಮಾಡಲ್ವಾ? ನನ್ನ ಚಪ್ಪರ! ಸುಮ್‌ಸುಮ್ನೆ ಕಿತ್ತಾಕಿದ್ನಾ?" ಎಂದು ಅವನು ತೋಳು ಮಡಿಸಿದ.

"ನನ್ನ ಮೆಟ್ಟಿಲು!" ಅಂದರು ಡಾಕ್ಟರಮ್ಮ. ಎಡಸಾಲು, ಬಲಸಾಲು ಎರಡೂ ಒಂದಾಗಿ ಇವರ ಸುತ್ತ ಕವಿದವು.

ಸಾಹೇಬರು ಕೈ ಎತ್ತಿದರು. "ತಡೀರಿ, ತಡೀರಿ. ಮೊದಲು ಅಳೀಲಿ."

ಸರ್ವೇಯರಿಗೆ ಗಡಿಕಲ್ಲು ಬೇಕಿತ್ತು. ನಮ್ಮ ಸಾಲಿನ ಈ ತುದಿಯ ಕಲ್ಲು ಚರಂಡಿಯ ಪಕ್ಕ ಸಿಕ್ಕಿತು. ಆ ತುದಿಯದನ್ನು ಯಾರೂ ನೋಡಿಯೇ ಇರಲಿಲ್ಲ. ಡಾಕ್ಟರಮ್ಮನ ಕೆಳಗಿನ ಮೆಟ್ಟಿಲು ಹೋದ ಜಾಗದಲ್ಲಿ ಅದು ತಲೆ ಎತ್ತಿಕೊಂಡು ಕೂತಿತ್ತು. ಕಲ್ಲಿನಿಂದ ಕಲ್ಲಿಗೆ ಗೆರೆ ಎಳೆಯಲು ಅವನ ಟೇಪು ಸಾಲಲಿಲ್ಲ. "ದಾರ ಇದ್ಯಾ ಅಮ್ಮಾ?" ಎಂದು ನನ್ನನ್ನೇ ಕೇಳಿದ. ನನ್ನ ಕೋಣೆಯ ಕುತ್ತಿಗೆಗೆ ಹಾಕಲು ನನ್ನ ದಾರವೇ ಬೇಕೇ! ಕೆಂಪು ದಾರದ ಉಂಡೆ ತಂದು ಕೊಟ್ಟೆ.

ಒಂದು ತುದಿ ಹಿಡಿದು ಸರ್ವೇಯರು ಕೂತ, ಇನ್ನೊಂದು ತುದಿ ಹಿಡಿದು ಇವರು ಕೂತರು. ಎಳೆದರು. ದಾರ ಮೇಲೆದ್ದಿತು, ಡಾಕ್ಟರಮ್ಮನ ಬಾಗಿಲು ದಾಟಿತು, ನನ್ನ ಗೋಡೆಯ ಹತ್ತಿರ ಬಂತು. ಬಂದು, ಸುಣ್ಣವನ್ನು ಸವರಿಕೊಂಡು ನೇರವಾಗಿ ಹೋಯಿತು. ಬಾಗಲಿಲ್ಲ.

ಸರ್ವೇಯರು ಗೋಡೆಗೆ ಕೆನ್ನೆಯಿಟ್ಟು ನೋಡಿದ. ಮೇಷ್ಟ್ರೂ ಬಂದು ಕೆನ್ನೆಯಿಟ್ಟು ನೋಡಿದರು.

"ಗೆರೆ ಮೇಲೇ ಇದೆ ಸಾರ್. ಒಂದು ಬೆರಳೂ ರಸ್ತೆಗೆ ಬಂದಿಲ್ಲ" ಎಂದ ಸರ್ವೇಯರು. "ಇಷ್ಟು ಲೆಕ್ಕವಾಗಿ ಯಾರೂ ಕಟ್ಟೋದಿಲ್ಲ. ಒಂದು ಮೊಳ ಮುಂದೆ ಕಟ್ಟಿದ್ರೂ ಒಡೀಬೇಕಾಗಿತ್ತು. ಪರವಾನಗಿಗೆ ದಂಡ ಕಟ್ಟಿ ಸರಿಮಾಡಿಸ್ಕೊಳ್ಳಿ. ಇಲ್ಲಿ ರಸ್ತೆ ಮೇಲಿರೋದು ಈ ಸ್ಕೂಟರ್ ಮಾತ್ರ."

ಒಂದು ಮೊಳ! ನಾನು ಹೊಸಲಿನ ಮೇಲೆ ಕೂತುಬಿಟ್ಟೆ. ನಗುವೋ ಅಳುವೋ ತಿಳಿಯದ ಒಂದು ಸದ್ದು ಬಾಯಿಂದ ಹೊರಟಿತು. ಇಷ್ಟು ವರ್ಷ ನಾನು ಬಾಯಿಗೆ ಬಂದಂತೆ ಬೈದ ಆ ತುಕ್ಕು ಹಿಡಿದ ಸ್ಕೂಟರು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿತ್ತು.

ಸಾಹೇಬರಿಗೆ ಅದರ ಪರಿವೆಯೇ ಇಲ್ಲ. ಅವರು ಬೀದಿ ನೋಡುವುದರಲ್ಲೇ ಮುಳುಗಿದ್ದರು. ಬೇಕರಿಯವನ ಬೆನ್ನು ತಟ್ಟಿ, "ಭೇಷ್! ನಿಮ್ಮಂಥ ನಾಗರಿಕರು ಬೇಕು" ಅಂದರು. ಇವರಿಗೆ ಹೊಡೆಯಲೆಂದು ಮಡಿಸಿದ್ದ ತೋಳನ್ನು ಅವನು ಮೆಲ್ಲಗೆ ಇಳಿಸಿ, "ಕರ್ತವ್ಯ ಸಾರ್" ಅಂದ. ಡಾಕ್ಟರಮ್ಮನದು ಕೆಳಗಿನ ಒಂದು ಮೆಟ್ಟಿಲು ಮಾತ್ರ ರಸ್ತೆಗೆ ಬಂದಿತ್ತಂತೆ, ಉಳಿದದ್ದು ಮತ್ತೆ ಕಟ್ಟಿಕೊಳ್ಳಿ ಅಂದರು. ಸ್ಟೂಲಿನ ಮೇಲೆ ನಿಂತಿದ್ದ ರೋಗಿಯೊಬ್ಬ ಚಪ್ಪಾಳೆ ತಟ್ಟಿದ. ಮೇಷ್ಟ್ರ ಪಾತಿ ಪೂರ್ತಿ ರಸ್ತೆಯದೇ, ಆದರೆ "ಶಿಕ್ಷಕರೇ ಮಾದರಿ" ಎಂದು ಸಾಹೇಬರು ಕೈ ಕುಲುಕಿದ ಮೇಲೆ ಅವರು ಗುಲಾಬಿಯ ಮಾತೇ ಎತ್ತಲಿಲ್ಲ.

"ಅದು ಸರಿ, ನೀವು ಏನ್ ಮಾಡಿದ್ರಿ?" ಎಂದು ಇವರ ಕಡೆ ತಿರುಗಿದರು ಸಾಹೇಬರು. "ಬೇರೆ ಬೀದಿಗಳಿಗೆ ನೋಟೀಸ್ ಕೊಟ್ಟು ಕೊಟ್ಟು ನನ್ನ ಕೈ ಸೋತಿದೆ."

"ಸುಮ್ನೆ ನೋಡ್ತಾ ನಿಂತಿದ್ದೆ ಸಾರ್."

ಸಾಹೇಬರು ಲೇಸರನ್ನು ತೆಗೆದುಕೊಂಡು ಕೆಂಪು ಬಾವುಟಕ್ಕೆ ಗುರಿ ಹಿಡಿದರು. ಕೈ ನಡುಗುತ್ತಿತ್ತು. ಒಮ್ಮೆ ಬೇಕರಿಯ ಗೋಡೆಯ ದೂರ ಬಂತು, ಒಮ್ಮೆ ಮೇಷ್ಟ್ರದು ಬಂತು, ಬಾವುಟದ್ದು ಬರಲೇ ಇಲ್ಲ. "ಹಾಗಾದ್ರೆ ಇವೆರಡರಲ್ಲಿ ಯಾವುದ್ರೀ ಇಟ್ಕೊಳ್ಳಲಿ?" ಎಂದು ನಿಟ್ಟುಸಿರು ಬಿಟ್ಟರು.

ಉತ್ತರ ಕೊಟ್ಟವರು ಅತ್ತೆ. "ನೋಡಪ್ಪಾ, ನಿನಗೆ ಕೈ ನಡುಗುತ್ತೆ, ಕಣ್ಣೂ ಅಷ್ಟಕ್ಕಷ್ಟೆ. ಸಂಬಳ ಮಾತ್ರ ಚೆನ್ನಾಗಿ ಬರುತ್ತೆ. ವರ್ಷ ವರ್ಷ ದುಡ್ಡು ತಿನ್ನೋದನ್ನೇ ಇಟ್ಕೋ."

ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಮಾತ್ರ ಬಹಳ ದಿನಗಳ ಮೇಲೆ ನಿದ್ದೆ ಬಂದವರ ಹಾಗೆ ಹಗುರಾದರು. "ಡಾಕ್ಟ್ರೂ ಹೇಳಲಿಲ್ಲ, ವಕೀಲ್ರೂ ಹೇಳಲಿಲ್ಲ ಇಷ್ಟು ಸ್ಪಷ್ಟವಾಗಿ" ಎಂದು ಜಿಪಿಎಸ್ಸನ್ನು ಜೇಬಿಗಿಳಿಸಿದರು. ಲೇಸರನ್ನು ವಾಪಸು ಮಾಡಲು ಡಬ್ಬಿ ಕೇಳಿದರು. ಅತ್ತೆ ಕೊಡಲಿಲ್ಲ. ಮಾತ್ರೆ ಎಲ್ಲಿಡೋದು ಅಂದರು.

ಹೀಗೆ ಡಬ್ಬಿಯಿಲ್ಲದೆ ಅಂಗಡಿಗೆ ಮರಳಲಾಗದ ಲೇಸರು ನಗರಸಭೆಯ ಪಾಲಾಯಿತು, ಜೊತೆಗೆ ನಮ್ಮ ಮನೆಯವರೂ. ಅವರಿಗೀಗ ಹೊಸ ಕೆಲಸ. ದಿನಕ್ಕೊಂದು ಬೀದಿಗೆ ಹೋಗಿ, ಕೆಂಪು ಬಾವುಟ ನೆಟ್ಟು, ಒಂದು ಕಣ್ಣು ಮುಚ್ಚಿ ಸುಮ್ಮನೆ ನೋಡಿ ಬರಬೇಕು. ಯಾರಾದರೂ ಏನಾದರೂ ಕೇಳಿದರೆ "ನನಗೆ ಗೊತ್ತಿಲ್ಲ" ಅನ್ನಬೇಕು, ಇದು ಸಾಹೇಬರ ಕಟ್ಟಪ್ಪಣೆ. ಇವರು ನಿಜ ಹೇಳಲು ಶುರುಮಾಡಿದಾಗಿನಿಂದ ಜನ ಇನ್ನೂ ಹೆಚ್ಚು ಹೆದರುತ್ತಿದ್ದಾರಂತೆ.

ಬೇಕರಿಯವನ ಹೆಂಡತಿ ಕುಪ್ಪಸಕ್ಕೆ ತೋಳು ಹಾಕಿಸಿಕೊಂಡು ಹೋದಳು. ದಂಡ ಕಟ್ಟಿದ್ದಾಯಿತು, ಪರವಾನಗಿಯನ್ನು ಚೌಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಹಾಕಿದ್ದೇನೆ. ರಸ್ತೆ ಮೇಲಿರಬಾರದು ಅಂದರಲ್ಲ, ಆ ಸ್ಕೂಟರನ್ನು ಬೀದಿಯವರೆಲ್ಲ ಸೇರಿ ಎತ್ತಿ ಎಲ್ಲಿಡಲಿ ಎಂದು ಕೇಳಿದಾಗ, ಒಳಗೇ ತನ್ನಿ ಎಂದೆ. ಈಗ ಅದು ನನ್ನ ಕೋಣೆಯಲ್ಲಿ, ಮಿಷನ್ನಿನ ಪಕ್ಕ ನಿಂತಿದೆ. ಮೊದಲು ಅಡ್ಡಡ್ಡ ನಡೆಯುತ್ತಿದ್ದೆ, ಈಗ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯುತ್ತೇನೆ. ಅಳತೆ ಕೊಡಲು ಬಂದವರು ಅದರ ಸೀಟಿನ ಮೇಲೆ ಕೂರುತ್ತಾರೆ. ಒಳ್ಳೆಯ ದಪ್ಪ ಬಟ್ಟೆಯಲ್ಲಿ, ಅಂಚಿಗೆ ಪೈಪಿಂಗ್ ಕೊಟ್ಟು, ಅದಕ್ಕೊಂದು ಕವಚ ಹೊಲಿದು ಹಾಕಿದ್ದೇನೆ.

ಮೊನ್ನೆ ಇವರು ಬಾಗಿಲಲ್ಲಿ ನಿಂತು, ನಾನು ಮೇಜಿಗೂ ಸ್ಕೂಟರಿಗೂ ನಡುವೆ ಸಿಕ್ಕಿಕೊಂಡು ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಪಾಪ, ನಿನಗೆ ಜಾಗಾನೇ ಇಲ್ವಲ್ಲೇ. ಗುಜರಿಗೆ ಹಾಕಿಬಿಡ್ಲಾ ಇದನ್ನ?"

"ಮುಟ್ಟಿ, ನೋಡ್ತೀನಿ" ಅಂದೆ.